ಪಳಗಿದ್ದು ಸ್ಪೀಕರ್ರೋ, ನನ್ನ ಕಿವಿಯೋ?

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಮುಂದೂಡೋದಕ್ಕೆ ಅರ್ಧ ಕಾರಣ ಸೋಮಾರಿತನ, ಇನ್ನರ್ಧ ನಾಚಿಕೆ. ಇಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ, ಸಾಫ್ಟ್‌ವೇರ್ ಕಂಪನಿ ಸೇರಿ, ವರ್ಷಗಟ್ಟಲೆ ಬೇರೆಯವರ ಕೋಡ್‌ನಲ್ಲಿ ಬಗ್ ಹುಡುಕಿ ಸಂಬಳ ತಗೊಳ್ಳುತ್ತಿರುವ ನಾನು, ನನ್ನದೇ ಮನೆಯ ಹಾಲ್‌ನಲ್ಲಿ ಮೂರು ವಾರ ಕಣ್ಣೆದುರೇ (ಕಿವಿಯೆದುರೇ ಅನ್ನಬೇಕೇನೋ) ಕೂತಿದ್ದ ಒಂದು ಬಗ್ಗನ್ನು ಹಿಡಿಯಲಿಲ್ಲ. ಹಿಡಿದದ್ದು ನಮ್ಮವ್ವ. ಅದೂ ಅಡುಗೆಮನೆಯಲ್ಲಿ ಕಾಳು ಆರಿಸುತ್ತಾ ಕೂತು!

ವಿಷಯ ಇಷ್ಟು. ಕಳೆದ ವರ್ಷ ನಾನೇ ಕೈಯಾರೆ ಒಂದು ಜೊತೆ ಸ್ಪೀಕರ್ ಮಾಡಿದೆ. ಐದಿಂಚಿನ ವೂಫರ್, ಒಂದಿಂಚಿನ ಟ್ವೀಟರ್, ಎಂಟು ಲೀಟರಿನ ಮುಚ್ಚಿದ ಪೆಟ್ಟಿಗೆ. ಕೆಪಾಸಿಟರು, ಕಾಯಿಲ್ಲು, ವೈರು ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುತ್ತಿ ತಂದದ್ದು. ಪ್ಲೈವುಡ್ ಕೊಯ್ದುಕೊಟ್ಟ ಬಡಗಿ, "ಸಾರ್, ಇದೇನು ಪಾರಿವಾಳದ ಗೂಡಾ?" ಅಂತ ಕೇಳಿದ. ಮನೆ ತುಂಬ ಮರದ ಪುಡಿ, ಫೆವಿಕಾಲ್ ಮೆತ್ತಿದ ಬೆರಳು, ಒಂದು ಕಡೆ ಸಾಲ್ಡರಿಂಗ್ ಕಬ್ಬಿಣ ತಗುಲಿದ ಬೊಬ್ಬೆ. ಕೊನೆಗೂ ಒಂದು ಭಾನುವಾರ ರಾತ್ರಿ ಹಾಡು ಹಾಕಿದೆ.

ಏನೋ ಸರಿಯಿಲ್ಲ ಅನ್ನಿಸಿತು. ಬೇಸ್ ಪರವಾಗಿಲ್ಲ, ತಾಳದ ಠಣಠಣವೂ ಕೇಳುತ್ತಿದೆ, ಆದರೆ ಹಾಡುವವರು ಮಾತ್ರ ಪಕ್ಕದ ಕೋಣೆಯಲ್ಲಿ ಕೂತು ಬಾಗಿಲು ಹಾಕಿಕೊಂಡು ಹಾಡಿದ ಹಾಗೆ. ಈ ಹವ್ಯಾಸ ಇರುವ ನಾಲ್ಕು ಜನರನ್ನು ಕೇಳಿದೆ. ನಾಲ್ವರದ್ದೂ ಒಂದೇ ಉತ್ತರ: "ಹೊಸ ಡ್ರೈವರ್ ಅಲ್ವಾ, ಇನ್ನೂ ಬ್ರೇಕ್-ಇನ್ ಆಗಿಲ್ಲ. ನೂರು ಗಂಟೆ ಓಡಿಸಿ ನೋಡು, ಹೂವಿನ ಹಾಗೆ ಅರಳುತ್ತೆ."

ಬ್ರೇಕ್-ಇನ್ ಅಂದ್ರೆ ನಮ್ಮ ಭಾಷೆಯಲ್ಲಿ ಪಳಗೋದು. ಹೊಸ ದೋಸೆ ಕಾವಲಿ ಪಳಗಬೇಕು ಅಂತೀವಲ್ಲ, ಹಾಗೆ. ನನಗೆ ಈ ಮಾತು ಎಷ್ಟು ಹಿತವಾಗಿತ್ತು ಅಂದ್ರೆ ತಕ್ಷಣ ನಂಬಿಬಿಟ್ಟೆ. ತಪ್ಪು ನನ್ನದಲ್ಲ, ಸ್ಪೀಕರಿನ ವಯಸ್ಸಿನದ್ದು! ಕಾಯೋದು ಬಿಟ್ಟು ಬೇರೆ ಕೆಲಸವೇ ಇಲ್ಲ.

ಕಾದೆ. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಹಾಡು ಓಡುತ್ತಲೇ ಇತ್ತು. ಎರಡನೇ ವಾರಕ್ಕೆ ದನಿ 'ಸ್ವಲ್ಪ ಬಿಚ್ಚಿಕೊಂಡಿದೆ' ಅನ್ನಿಸಿತು. ಮೂರನೇ ವಾರಕ್ಕೆ 'ಆಹಾ, ಎಷ್ಟು ಮೃದು' ಅಂತ ಗೆಳೆಯರಿಗೆ ಮೆಸೇಜ್ ಬೇರೆ ಕಳಿಸಿದೆ. ಅವರೂ "ನಾವು ಹೇಳಲಿಲ್ವಾ?" ಅಂದರು. ಎಲ್ಲರೂ ಸುಖಿಗಳು.

ಆಗ ಧಾರವಾಡದಿಂದ ಅವ್ವ ಬಂದಳು. ಅವಳಿಗಾಗಿ ಅಂತಲೇ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಹಾಕಿದೆ. ಧಾರವಾಡ ಆಕಾಶವಾಣಿ ಕೇಳಿಕೊಂಡೇ ಬೆಳೆದವಳು ಅವಳು, ಆ ದನಿ ಅವಳಿಗೆ ಸ್ವಂತ ಕಾಕಾನ ದನಿಯಷ್ಟು ಪರಿಚಯ. ಅಡುಗೆಮನೆಯಿಂದಲೇ ಕೂಗಿದಳು:

"ತಮ್ಮಾ, ಇವರಿಗೆ ನೆಗಡಿ ಆಗೈತೇನೋ? ಮೂಗು ಮುಚ್ಚಿದಂಗ ಕೇಳಸ್ತೈತಿ."

ನಾನು ದೊಡ್ಡ ಪಂಡಿತನ ಹಾಗೆ ಹೋಗಿ ವಿವರಿಸಿದೆ. "ಹಂಗಲ್ಲವ್ವಾ, ಇವು ಹೊಸಾವು. ಇನ್ನೂ ಸ್ವಲ್ಪ ದಿವಸ ಬಾರಿಸಿದ್ರ ಸರಿ ಆಗ್ತಾವು."

ಅವ್ವ ಕಾಳಿನ ಮೊರದಿಂದ ಕಣ್ಣೆತ್ತಲೇ ಇಲ್ಲ. "ಅನ್ನ ಬೆಂದಿಲ್ಲಂದ್ರ ಇವತ್ತ ನೋಡಬೇಕಪಾ. ದಿನಾ ತಿಂದ್ರ ಹಲ್ಲಿಗೆ ರೂಢಿ ಆಗತೈತಿ, ಅಕ್ಕಿ ಬೇಯಂಗಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಡ್ರಾಯರಿನಲ್ಲಿ ಧೂಳು ಹಿಡಿಯುತ್ತಿದ್ದ ಯುಎಸ್‌ಬಿ ಮೈಕು ತೆಗೆದು ಸ್ಪೀಕರಿನ ಮುಂದಿಟ್ಟು ಅಳೆದೆ. ಪರದೆಯ ಮೇಲೆ ಗೆರೆ ಮೂಡಿತು ನೋಡಿ... 2500 ಹರ್ಟ್ಸ್ ಹತ್ತಿರ ನಮ್ಮ ರಸ್ತೆಯ ಗುಂಡಿಗಳೂ ನಾಚಬೇಕು, ಅಂಥ ಗುಂಡಿ! ಮನುಷ್ಯರ ಕಿವಿ ಅತಿ ಚುರುಕಾಗಿರುವ, ಮಾತಿನ ವ್ಯಂಜನಗಳು ಸ್ಪಷ್ಟವಾಗುವ ಜಾಗ ಅದು. ಅಲ್ಲೇ ದನಿ ಮಾಯ.

ಕಾರಣ ಸಿಗೋಕೆ ಐದು ನಿಮಿಷ ಸಾಕಾಯ್ತು. ವೂಫರಿಗೆ ದಪ್ಪ ದನಿ, ಟ್ವೀಟರಿಗೆ ಸಣ್ಣ ದನಿ ಅಂತ ಹಂಚಿಕೊಡುವ ಸರ್ಕ್ಯೂಟಿಗೆ ಕ್ರಾಸ್ ಓವರ್ ಅಂತಾರೆ. ನಾನು ಬಳಸಿದ್ದು ಲಿಂಕ್‌ವಿಟ್ಜ್-ರೈಲಿ ನಮೂನೆಯದು. ಎಚ್‌ಪಿ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಸಿಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಲೇಖನದಿಂದ ಬಂದ ಹೆಸರು. ಇದರ ಎರಡನೇ ದರ್ಜೆಯ ಸರ್ಕ್ಯೂಟಿನಲ್ಲಿ ವೂಫರ್ ಮತ್ತು ಟ್ವೀಟರಿಗೆ ಹೋಗುವ ಅಲೆಗಳು ಒಂದಕ್ಕೊಂದು ತದ್ವಿರುದ್ಧ ದಿಕ್ಕಿನಲ್ಲಿರುತ್ತವೆ. ಹಾಗಾಗಿ ಟ್ವೀಟರಿನ ಪ್ಲಸ್ ಮೈನಸ್ ವೈರನ್ನು ಬೇಕಂತಲೇ ಅದಲು ಬದಲು ಮಾಡಬೇಕು. ಇಲ್ಲದಿದ್ದರೆ ಎರಡೂ ಸೇರುವ ಜಾಗದಲ್ಲಿ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು, ಎರಡೂ ದನಿ ಸತ್ತುಹೋಗುತ್ತವೆ. ನಕ್ಷೆಯಲ್ಲಿ ಸರಿಯಾಗಿಯೇ ಬರೆದಿತ್ತು. 'ಅಯ್ಯೋ, ಪ್ಲಸ್ಸಿಗೆ ಮೈನಸ್ ಹಾಕಿದ್ದಾರೆ, ಪ್ರಿಂಟಿಂಗ್ ಮಿಸ್ಟೇಕ್' ಅಂತ ಬುದ್ಧಿವಂತನಾದ ನಾನು ತಿದ್ದಿದ್ದೆ. ಎರಡೂ ಪೆಟ್ಟಿಗೆಯಲ್ಲಿ. ಒಂದನ್ನಾದರೂ ಸರಿ ಹಾಕಿದ್ದರೆ ವ್ಯತ್ಯಾಸ ಗೊತ್ತಾಗುತ್ತಿತ್ತು :-)

ಇಲ್ಲಿವರೆಗೆ ಇದು ನನ್ನ ದಡ್ಡತನದ ಕತೆ. ನನ್ನನ್ನು ಬೆಚ್ಚಿಬೀಳಿಸಿದ್ದು ಆಮೇಲೆ ಆದದ್ದು. ವೈರು ಸರಿಮಾಡಿದೆ, ಮತ್ತೆ ಅಳೆದೆ, ಗುಂಡಿ ಮುಚ್ಚಿತ್ತು. ಖುಷಿಯಿಂದ ಅದೇ ವಚನ ಹಾಕಿದೆ. ನನಗೆ ಇಷ್ಟವಾಗಲಿಲ್ಲ! ದನಿ ಮುಖಕ್ಕೇ ಬಂದು ಚುಚ್ಚಿದ ಹಾಗಾಯ್ತು. ಮೂರು ವಾರ ತಪ್ಪನ್ನು ಕೇಳಿ ಕೇಳಿ ನನಗೆ ಅದೇ ಸರಿಯಾಗಿಬಿಟ್ಟಿತ್ತು. ಅವ್ವ ಮಾತ್ರ "ಈಗ ಸರಿ ಆತು ನೋಡು" ಅಂದಳು. ಒಂದು ವಾರ ಕಳೆದ ಮೇಲೆ ನನಗೂ ಚುಚ್ಚುವುದು ನಿಂತಿತು.

ಈಗ ಹೇಳಿ, ಆ ಕೊನೆಯ ವಾರದಲ್ಲಿ ಪಳಗಿದ್ದು ಯಾವುದು? ಡ್ರೈವರುಗಳು ಆಗಲೇ ನೂರು ಗಂಟೆ ದಾಟಿದ್ದವು. ವೈರು ಅದಲು ಬದಲು ಮಾಡಿದ್ದಕ್ಕೆ ಅವು ಮತ್ತೆ ಹೊಸದಾಗೋದಿಲ್ಲ. ಪಳಗಿದ್ದು ನಾನು.

ಹಾಗಾದ್ರೆ ಬ್ರೇಕ್-ಇನ್ ಅನ್ನೋದೇ ಸುಳ್ಳಾ? ಅಲ್ಲ. ಅಲ್ಲಿಯೇ ಇರೋದು ತೊಡಕು. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ.

ವೂಫರಿನ ಕೋನು ಎರಡು ಕಡೆ ನೇತಾಡುತ್ತದೆ. ಹೊರಗೆ ರಬ್ಬರಿನ ಅಂಚು, ಒಳಗೆ ಮಡಿಕೆ ಮಡಿಕೆಯಾದ ಒಂದು ಬಟ್ಟೆ. ಅದಕ್ಕೆ ಸ್ಪೈಡರ್ ಅಂತ ಹೆಸರು. ಆ ಬಟ್ಟೆಯನ್ನು ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಪಂಚೆ ಉಟ್ಟ ಹಾಗೆ, ಮೊದಮೊದಲು ಬಿಗಿ, ಓಡಾಡಿದ ಮೇಲೆ ಸ್ವಲ್ಪ ಮೆತ್ತಗೆ. ಇದು ನಿಜ, ಅಳೆಯಲೂಬಹುದು.

ಅದೃಷ್ಟಕ್ಕೆ ಕಾಲೇಜ್ ಲ್ಯಾಬಿನ ಹಳೇ ಚಾಳಿಯಿಂದ, ಡ್ರೈವರುಗಳು ಬಂದ ದಿನವೇ ಒಂದು ರೆಸಿಸ್ಟರು ಮತ್ತು ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ ಇಟ್ಟುಕೊಂಡು ಅಳೆದು ಬರೆದಿಟ್ಟಿದ್ದೆ. ಕೋನು ತಾನಾಗಿ ತೂಗಾಡಲು ಇಷ್ಟಪಡುವ ವೇಗ, ಅಂದ್ರೆ ಅನುರಣನದ ಆವರ್ತನ, ಹೊಸದಾಗಿದ್ದಾಗ 60 ಹರ್ಟ್ಸ್. ಒಂದು ಗಂಟೆ 20 ಹರ್ಟ್ಸಿನ ಗುಂಯ್ ಹಾಕಿ ಚೆನ್ನಾಗಿ ಕುಲುಕಿದ ಮೇಲೆ 56. ಮರುದಿನ ಬೆಳಿಗ್ಗೆ ನೋಡಿದ್ರೆ ಸ್ವಲ್ಪ ವಾಪಸ್ ಹೋಗಿ 57. ಮೂರು ವಾರದ ಮೇಲೆ ಪೆಟ್ಟಿಗೆಯಿಂದ ಬಿಚ್ಚಿ ಅಳೆದಾಗ 55. ಗಮನಿಸಿ, ಆದ ಬದಲಾವಣೆಯಲ್ಲಿ ಬಹುಪಾಲು ಮೊದಲನೇ ಗಂಟೆಯಲ್ಲೇ ಆಗಿಹೋಗಿತ್ತು.

60ರಿಂದ 55 ಅಂದ್ರೆ ಕಡಿಮೆಯೇನಲ್ಲ ಅನ್ನಬಹುದು. ಲೆಕ್ಕ ಹಾಕಿದ್ರೆ ಬಟ್ಟೆ ಸುಮಾರು 19 ಶೇಕಡಾ ಮೆತ್ತಗಾಗಿದೆ. ಆದರೆ ನಾವು ಬರೀ ಡ್ರೈವರ್ ಕೈಯಲ್ಲಿ ಹಿಡಿದು ಹಾಡು ಕೇಳೋದಿಲ್ಲವಲ್ಲ, ಪೆಟ್ಟಿಗೆಯಲ್ಲಿ ಹಾಕಿ ಕೇಳುತ್ತೇವೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೂ ಒಂದು ಸ್ಪ್ರಿಂಗೇ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಇದರ ಲೆಕ್ಕವನ್ನೆಲ್ಲ ಎಷ್ಟು ಚೆನ್ನಾಗಿ ಬಿಡಿಸಿಟ್ಟಿದ್ದಾರೆ ಅಂದ್ರೆ ಇವತ್ತಿಗೂ ಡ್ರೈವರಿನ ಜೊತೆ ಬರುವ ಅಂಕಿಗಳಿಗೆ ಅವರಿಬ್ಬರದ್ದೇ ಹೆಸರು. ನನ್ನ ಡ್ರೈವರಿನ ಬಿಗಿತಕ್ಕೆ 10 ಲೀಟರ್ ಗಾಳಿ ಸಮ, ನನ್ನ ಪೆಟ್ಟಿಗೆ 8 ಲೀಟರ್. ಅಂದ್ರೆ ಒಟ್ಟು ಬಿಗಿತದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದ್ದೇ. ಗಾಳಿಗೆ ಪಳಗೋದು ಗಿಳಗೋದು ಇಲ್ಲ, ಅದು ಹುಟ್ಟಾ ಪಳಗಿದ್ದು.

ಹಾಗಾಗಿ ಪೆಟ್ಟಿಗೆಯಲ್ಲಿಟ್ಟ ಮೇಲೆ ಲೆಕ್ಕ: ಹೊಸದರಲ್ಲಿ 90 ಹರ್ಟ್ಸ್, ಪಳಗಿದ ಮೇಲೆ ಸುಮಾರು 87. ಷಡ್ಜದಿಂದ ಕೋಮಲ ರಿಷಭಕ್ಕೆ ಇರುವ ಅಂತರಕ್ಕಿಂತಲೂ ಕಡಿಮೆ! ಅದೂ ತೀರಾ ಕೆಳಗಿನ ಬೇಸಿನಲ್ಲಿ. ಹಾಡುವವರ ಗಂಟಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತಂದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಕೇಳುತ್ತದೆ. ಸೋಫಾ ಸರಿಸಿದರೂ ಕೇಳುತ್ತದೆ.

ಇನ್ನು ಕೆಲವರು ಕೇಬಲ್ಲೂ ಪಳಗಬೇಕು ಅಂತಾರೆ. ತಾಮ್ರದ ತಂತಿಯಲ್ಲಿ ಅಲ್ಲಾಡುವ ಭಾಗವೇ ಇಲ್ಲ ಸ್ವಾಮಿ, ಏನು ಪಳಗೋದು?

ಆದರೆ ಕೇಳುವವನು ಪಳಗುವುದು ಮಾತ್ರ ನೂರಕ್ಕೆ ನೂರು ಸತ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಲ್ಲೇಶ್ವರದಲ್ಲಿ ರೈಲು ಹಳಿಯ ಪಕ್ಕದ ಪೀಜಿಯೊಂದರಲ್ಲಿದ್ದೆ. ಮೊದಲ ವಾರ ಪ್ರತಿ ರಾತ್ರಿ ಎದ್ದು ಕೂರುತ್ತಿದ್ದೆ. ತಿಂಗಳಾಗುವಷ್ಟರಲ್ಲಿ ರೈಲು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ರೈಲೇನೂ ಪಳಗಿರಲಿಲ್ಲ. ಹೊಸ ಚಪ್ಪಲಿ ಕಚ್ಚೋದು ನಿಂತಾಗ ಚಪ್ಪಲಿ ಸಡಿಲವಾಯ್ತು ಅಂತೀವಿ, ಕಾಲಿನ ಚರ್ಮ ದಪ್ಪಗಾದದ್ದು ಲೆಕ್ಕಕ್ಕೇ ಇಲ್ಲ.

ಕಣ್ಣು ಬೇರೆ ಕಿವಿಗೆ ಚಾಡಿ ಹೇಳುತ್ತದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನುವವರು 1994ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಲಯದಲ್ಲಿ ಪ್ರಸಿದ್ಧ. ಅವೇ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಒಮ್ಮೆ, ಕಣ್ಣಿಗೆ ಕಾಣುವಂತಿಟ್ಟು ಒಮ್ಮೆ ಕೇಳಿಸಿದರು. ಕಂಡಾಗ ಕೊಟ್ಟ ಅಂಕ, ಕಾಣದಾಗ ಕೊಟ್ಟ ಅಂಕ ಬೇರೆ ಬೇರೆಯಾದವು. ಕೇಳುವುದರಲ್ಲಿ ನುರಿತವರೂ ಇದಕ್ಕೆ ಹೊರತಾಗಿರಲಿಲ್ಲ. ಅಂಥದ್ದರಲ್ಲಿ ಬೊಬ್ಬೆ ಬಂದ ಬೆರಳಿನಲ್ಲಿ ತಾನೇ ಮಾಡಿದ ಪೆಟ್ಟಿಗೆಯ ಮುಂದೆ ಕೂತವನ ಗತಿ ಏನು ಹೇಳಿ? ಹೆತ್ತವರಿಗೆ ಹೆಗ್ಗಣ ಮುದ್ದು.

'ಇರಲಿ ಬಿಡಯ್ಯಾ, ಅವನ ಖುಷಿ ಅವನಿಗೆ, ನಿನಗೇನು ಕಷ್ಟ?' ಅಂತ ನೀವು ಕೇಳಬಹುದು. ಕಷ್ಟ ಇದೆ. ಈ ಲೇಖನ ಬರೆಯೋಕೆ ಕಾರಣವೇ ಅದು.

ನನ್ನ ಗೆಳೆಯನೊಬ್ಬ, ಎರಡು ತಿಂಗಳು ಸಂಬಳದಲ್ಲಿ ಉಳಿಸಿ ಒಂದು ಜೊತೆ ರೆಡಿಮೇಡ್ ಸ್ಪೀಕರ್ ಕೊಂಡ. ಒಂದರಲ್ಲಿ ಬೇಸ್ ಬಂದಾಗಲೆಲ್ಲ ಕರಕರ ಅನ್ನುವ ಸದ್ದು. ಮಾರಿದವರಿಗೆ ಫೋನ್ ಮಾಡಿದ. "ಬ್ರೇಕ್-ಇನ್ ಆಗಲಿ ಸಾರ್, ನೂರು ಗಂಟೆ ಬೇಕು" ಅಂದರು. ಆಫೀಸಿಂದ ಬಂದು ದಿನಕ್ಕೆ ಎರಡು ಗಂಟೆ ಕೇಳುವವನಿಗೆ ನೂರು ಗಂಟೆ ಅಂದ್ರೆ ಐವತ್ತು ದಿನ. ವಾಪಸ್ ಮಾಡಲು ಇದ್ದ ಅವಕಾಶ ಹತ್ತು ದಿನ. ಐವತ್ತನೇ ದಿನವೂ ಕರಕರ ಹಾಗೇ ಇತ್ತು. ಆಮೇಲೆ ಬಿಚ್ಚಿ ನೋಡಿದ ರಿಪೇರಿಯವರು ಹೇಳಿದ್ದು: ಒಳಗಿನ ಕಾಯಿಲ್ ಓರೆಯಾಗಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ, ಮೊದಲ ದಿನದಿಂದಲೇ ಹೀಗಿರಬೇಕು. ದುಡ್ಡು ಹೋಯ್ತು. ಮಾರಿದವರು ಬೇಕಂತಲೇ ಮೋಸ ಮಾಡಿದರು ಅಂತ ನಾನು ಹೇಳೋದಿಲ್ಲ. ಬಹುಶಃ ಅವರೂ ನನ್ನ ಹಾಗೆ ನಂಬಿದ್ದರು. ಆದರೆ 'ಕಾಯಿ' ಅನ್ನುವ ಸಲಹೆಯಿಂದ ನಷ್ಟವಾದದ್ದು ಯಾರಿಗೆ ನೋಡಿ.

ನನ್ನ ತಕರಾರು ಇರೋದು ಇಲ್ಲಿ. ಬ್ರೇಕ್-ಇನ್ ಅನ್ನುವುದು ಒಂದು ಚಿಕ್ಕ ನಿಜ. ಅದರ ನೆರಳಿನಲ್ಲಿ ದೊಡ್ಡ ದೊಡ್ಡ ತಪ್ಪುಗಳು ಅಡಗಿ ಕೂರುತ್ತವೆ. ನಾವು ಆಫೀಸಿನಲ್ಲಿ ಮಾಡೋದೂ ಇದನ್ನೇ. ಹೊಸ ರಿಲೀಸ್ ನಿಧಾನವಾಗಿದೆ ಅಂತ ಯಾರಾದರೂ ದೂರು ಕೊಟ್ಟರೆ, "ಕ್ಯಾಶ್ ಬೆಚ್ಚಗಾಗಲಿ, ಎರಡು ದಿನ ನೋಡೋಣ" ಅಂತೀವಿ. ಕ್ಯಾಶ್ ಬೆಚ್ಚಗಾಗೋದು ನಿಜವೇ. ಆದರೆ ಎರಡು ದಿನದಲ್ಲಿ ಕೋಡ್ ವೇಗವಾಗಿರೋದಿಲ್ಲ, ದೂರು ಕೊಟ್ಟವನು ಸುಸ್ತಾಗಿರುತ್ತಾನೆ. ನಾವು ಟಿಕೆಟ್ ಮುಚ್ಚುತ್ತೇವೆ.

ನೀವೂ ಸ್ಪೀಕರ್ ಮಾಡುವ ಅಥವಾ ಕೊಳ್ಳುವ ಯೋಚನೆಯಲ್ಲಿದ್ದರೆ, ನನ್ನ ಮೂರು ವಾರದ ಫೀಸಿನಲ್ಲಿ ಕಲಿತದ್ದು ಇಷ್ಟು.

ಮೊದಲನೆಯದು, ಮೊದಲ ದಿನವೇ ಅಳೆಯಿರಿ. ಮೈಕು ಇಲ್ಲದಿದ್ದರೆ ಎರಡೂ ಸ್ಪೀಕರನ್ನು ಅಕ್ಕಪಕ್ಕ ಇಟ್ಟು, ಒಂದೇ ಮೋನೋ ಹಾಡನ್ನು ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ ಕೇಳಿ. ಎರಡೂ ಒಂದೇ ವಯಸ್ಸಿನವು, ಎರಡೂ ಹೊಸವು. ಹಾಗಿದ್ದೂ ಅವುಗಳ ದನಿ ಬೇರೆ ಬೇರೆ ಇದ್ದರೆ ಅದು ಪಳಗುವ ವಿಷಯವಲ್ಲ, ದೋಷ. ಕರಕರ, ಜರಜರ, ಟಿಕ್‌ಟಿಕ್, ಯಾವುದೂ ಪಳಗಿ ಹೋಗುವಂಥದ್ದಲ್ಲ. ಎರಡರಲ್ಲೂ ಒಂದೇ ತಪ್ಪು ಮಾಡಿದ್ದರೆ (ನನ್ನ ಹಾಗೆ) ಈ ಪರೀಕ್ಷೆ ಕೈಕೊಡುತ್ತದೆ. ಆಗ ನಕ್ಷೆ ಹಿಡಿದು ವೈರು ವೈರು ನೋಡಲೇಬೇಕು. ನಕ್ಷೆಗಿಂತ ಬುದ್ಧಿವಂತರಾಗಬೇಡಿ.

ಎರಡನೆಯದು, ಪಳಗಿಸಲೇಬೇಕು ಅಂತಿದ್ದರೆ ಒಂದನ್ನೇ ಪಳಗಿಸಿ, ಇನ್ನೊಂದನ್ನು ಮುಚ್ಚಿಡಿ. ಆಮೇಲೆ ಬೇರೆಯವರ ಕೈಯಲ್ಲಿ ಬದಲಾಯಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಅವ್ವನಿಗೆ ಅಂತ ಧಾರವಾಡದ ಮನೆಗೆ ಇನ್ನೊಂದು ಜೊತೆ ಮಾಡಿದಾಗ ನಾನು ಇದನ್ನೇ ಮಾಡಿದೆ. ರೂಮ್‌ಮೇಟ್ ಇಪ್ಪತ್ತು ಸಲ ಬದಲಾಯಿಸಿದ, ನಾನು ಸರಿಯಾಗಿ ಹೇಳಿದ್ದು ಹನ್ನೊಂದು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಒಬ್ಬನ ಕಿವಿ, ಒಂದೇ ಜೊತೆ ಸ್ಪೀಕರ್, ಇದರಿಂದ ಲೋಕಕ್ಕೆಲ್ಲ ಅನ್ವಯಿಸುವ ಸತ್ಯ ಸಿಕ್ಕಿತು ಅಂತ ಹೇಳೋದಿಲ್ಲ. ನನ್ನ ಅಹಂಕಾರಕ್ಕೆ ಮಾತ್ರ ಸಾಕಾಯ್ತು.

ಮೂರನೆಯದು, ವಾಪಸ್ ಮಾಡುವ ಕೊನೇ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ನೂರು ಗಂಟೆ ಅಂದವರಿಗೆ, 'ನೂರು ಗಂಟೆ ಆದಮೇಲೆ ವಾಪಸ್ ತಗೊಳ್ತೀರಾ?' ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬಂದರೆ ಕಾಯಿರಿ.

ಕೊನೆಯದು, ಆ ಸ್ಪೀಕರಿನ ಬಗ್ಗೆ ಏನೂ ಗೊತ್ತಿಲ್ಲದ, ಆದರೆ ಹಾಡುವವರ ದನಿ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಕರೆದು ಕೇಳಿಸಿ. ಏನೂ ವಿವರಿಸಬೇಡಿ. ನಿಮ್ಮ ಕಿವಿ ಆಗಲೇ ರಾಜಿಯಾಗಿರುತ್ತದೆ, ಅವರದ್ದು ಇನ್ನೂ ಆಗಿರೋದಿಲ್ಲ.

ರೂಢಿಯಾಗುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಬೆಂಗಳೂರಿನಲ್ಲಿ ಒಂದು ದಿನ ಬದುಕೋದೂ ಕಷ್ಟ. ಆದರೆ ನಮಗೆ ರೂಢಿಯಾಯಿತು ಅನ್ನುವುದನ್ನು 'ಅದು ಸರಿಹೋಯಿತು' ಅಂತ ಬರೆದುಕೊಳ್ಳಬಾರದು. ಎರಡರ ನಡುವೆ ಒಂದು ವೈರಿನಷ್ಟು ವ್ಯತ್ಯಾಸ ಇದೆ.

ಈಗ ಆ ಎರಡನೇ ಜೊತೆ ಧಾರವಾಡದ ಮನೆಯ ಪಡಸಾಲೆಯಲ್ಲಿ, ನಿಂತುಹೋದ ಹಳೇ ಮರ್ಫಿ ರೇಡಿಯೋದ ಪಕ್ಕ ಕೂತಿದೆ. ಮೊನ್ನೆ ಫೋನಿನಲ್ಲಿ ಅವ್ವನನ್ನು ಕೇಳಿದೆ, "ಹೆಂಗ ಅದಾವ್ವಾ? ದಿನಾ ಕೇಳಿ ಕೇಳಿ ಏನರ ಬದಲಾಗೇತೇನು?"

"ಬದಲಾಗೂದ್ ಏನೈತಿ? ಮೊದಲನೇ ದಿನಾನೂ ಚಲೋ ಇದ್ವು, ಇವತ್ತೂ ಚಲೋ ಅದಾವು" ಅಂದಳು.

ಒಬ್ಬ ಸ್ಪೀಕರ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ನಿಮ್ಮ ಮನೆಯಲ್ಲೂ 'ಸ್ವಲ್ಪ ದಿನ ಹೋದ್ರೆ ಸರಿಹೋಗುತ್ತೆ' ಅಂತ ಕೂತಿರುವ ವಸ್ತು ಏನಾದರೂ ಇದೆಯಾ? ಇದ್ದರೆ ಬರೆಯಿರಿ. ಪಳಗಿದ್ದು ಅದೋ, ನೀವೋ ಅಂತ ಒಟ್ಟಿಗೆ ನೋಡೋಣ :-)